ಕಾರ್ಬನ್ ಫೈಬರ್ ಮೇಲೆ ಲೋಗೊ ಕೆಟ್ಟಿದೆಯೇ? ಬಿಟ್ಟಿರುವುದು ಯಾವ ಪದರ ಎಂದು ಹುಡುಕುವ ಬಗೆ

ಕಾರ್ಬನ್ ಫೈಬರ್ ಭಾಗದ ಮೇಲೆ ಹಾಕಿದ ಲೋಗೊ ಕೆಟ್ಟರೆ ಎಲ್ಲರೂ ಮೊದಲು ಬೈಯುವುದು ಸ್ಟಿಕ್ಕರನ್ನು. ಬಹಳ ಸಲ ಅದರ ತಪ್ಪೇನೂ ಇರುವುದಿಲ್ಲ. ಕೆಳಗೆ ಎಪಾಕ್ಸಿ (ಗಟ್ಟಿಯಾಗುವ ರೆಸಿನ್) ಕುಡಿದ ಕಾರ್ಬನ್ ಬಟ್ಟೆ, ಅದರ ಮೇಲೆ ಕ್ಲಿಯರ್ ಕೋಟ್ (ಪಾರದರ್ಶಕ ಲೇಪ), ಆಮೇಲೆ ಲೋಗೊ, ಎಲ್ಲಕ್ಕೂ ಮೇಲೆ ಮತ್ತೊಂದು ಕ್ಲಿಯರ್. ಒಟ್ಟು ನಾಲ್ಕು ಪದರ, ಮೂರು ಸಂದು. ಕೆಡುವುದು ಸಾಮಾನ್ಯವಾಗಿ ಈ ಸಂದುಗಳಲ್ಲಿ. ಯಾವ ಸಂದು ಬಿಟ್ಟಿದೆ ಎಂದು ಗೊತ್ತಾಗುವ ತನಕ ಏನನ್ನೂ ಕೀಳಬೇಡಿ, ಮೇಲೆ ಏನನ್ನೂ ಹೊಡೆಯಬೇಡಿ.

ಹುಡುಕಲು ಬೇಕಾದದ್ದು ಒಂದು ಟಾರ್ಚು, ಒಂದು ಭೂತಗನ್ನಡಿ, ಒಂದಿಷ್ಟು ಮಾಸ್ಕಿಂಗ್ ಟೇಪ್. ಟಾರ್ಚಿನ ಬೆಳಕನ್ನು ಮೇಲ್ಮೈಗೆ ತೀರಾ ಓರೆಯಾಗಿ ಬಿಡಿ. ಎದ್ದ ಅಂಚು, ಗುಳ್ಳೆ, ಸುಕ್ಕು ಎಲ್ಲವೂ ನೆರಳು ಬೀಳಿಸುತ್ತವೆ. ಸಿಪ್ಪೆ ಎದ್ದಿದ್ದರೆ ಒಂದು ಚೂರನ್ನು ಟೇಪಿನಿಂದ ಎತ್ತಿ, ಮಗುಚಿ, ಹಿಂಭಾಗವನ್ನು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ:

- ಹಿಂಭಾಗ ಗಾಜಿನಂತೆ ನುಣುಪಾಗಿ ಹೊಳೆಯುತ್ತಿದ್ದರೆ, ಕೆಳಗಿನ ಪದರವನ್ನು ಉಜ್ಜದೆಯೇ ಮೇಲೆ ಹೊಡೆದಿದ್ದಾರೆ.
- ವಾಟರ್ ಪೇಪರಿನ (ನೀರು ಹಾಕಿ ಉಜ್ಜುವ ಮರಳು ಕಾಗದ) ಗೀರುಗಳ ಅಚ್ಚು ಹಿಂಭಾಗದಲ್ಲಿ ಮೂಡಿದ್ದರೂ ಸಿಪ್ಪೆ ಸಲೀಸಾಗಿ ಎದ್ದರೆ, ಉಜ್ಜಿದ್ದು ಸರಿಯಾಗಿದೆ, ಜಿಡ್ಡು ಉಳಿದಿತ್ತು.
- ಲೋಗೊದ ಬಣ್ಣ ಕ್ಲಿಯರಿಗೆ ಅಂಟಿಕೊಂಡು ಬಂದಿದ್ದರೆ, ಬಿಟ್ಟಿರುವುದು ಶಾಯಿ.
- ಕಪ್ಪು ನಾರಿನ ಎಳೆಗಳೇ ಕಿತ್ತು ಬಂದಿದ್ದರೆ ಕೈ ನಿಲ್ಲಿಸಿ. ಅದು ಲೋಗೊದ ದೋಷವಲ್ಲ, ಭಾಗದ್ದೇ ದೋಷ. ಕೊನೆಯ ವಿಭಾಗ ನೋಡಿ.

## ಲೋಗೊ ಅಂಟಿದೆ, ಆದರೆ ಕಾಣುತ್ತಲೇ ಇಲ್ಲ

ಹಳದಿ, ಕೆಂಪು, ತಿಳಿನೀಲಿ ಎಲ್ಲ ಕಪ್ಪಿನಲ್ಲಿ ಮುಳುಗಿಹೋಗಿ, ಓರೆಯಾಗಿ ನೋಡಿದರೆ ಮಾತ್ರ ಮಸುಕಾಗಿ ಕಾಣುತ್ತದೆಯೇ? ಉಳಿದ ಡೆಕಾಲ್ (ಹಾಳೆಯಿಂದ ಭಾಗಕ್ಕೆ ವರ್ಗಾಯಿಸುವ ಮುದ್ರಿತ ಲೋಗೊ) ಚೂರನ್ನು ಬಿಳಿ ಕಾಗದದ ಮೇಲಿಟ್ಟು ನೋಡಿ. ಅಲ್ಲಿ ಬಣ್ಣ ಸರಿಯಾಗಿದ್ದರೆ ಮುದ್ರಣದಲ್ಲಿ ತಪ್ಪಿಲ್ಲ. ಮನೆ, ಕಚೇರಿಗಳ ಸಾಮಾನ್ಯ ಪ್ರಿಂಟರಿಗೆ ಬಿಳಿ ಬಣ್ಣವೇ ಇಲ್ಲ. ಕಾಗದದ ಬಿಳುಪನ್ನೇ ಅದು ಬಿಳಿ ಎಂದು ಬಳಸಿಕೊಳ್ಳುತ್ತದೆ. ಪಾರದರ್ಶಕ ಹಾಳೆಯ ಮೇಲೆ ಅಚ್ಚಾದ ಶಾಯಿಯ ಹಿಂದೆ ಬಿಳುಪಿನ ಬದಲು ಕಪ್ಪು ಕಾರ್ಬನ್ ಬಂದಾಗ ಬಣ್ಣ ಸತ್ತಂತೆಯೇ.

ಅಗ್ಗದ ದಾರಿ ಬಿಳಿ ತಳದ ವಾಟರ್‌ಸ್ಲೈಡ್ ಹಾಳೆ, ಅಂದರೆ ನೀರಿನಲ್ಲಿ ನೆನೆಸಿ ಕಾಗದದಿಂದ ಜಾರಿಸಿ ಕೂರಿಸುವ ಡೆಕಾಲ್. ಆದರೆ ಲೋಗೊದ ಗೆರೆಗುಂಟ ಕತ್ತರಿಸಬೇಕು, ಇಲ್ಲದಿದ್ದರೆ ಸುತ್ತ ಬಿಳಿ ಅಂಚು ಕಾಣುತ್ತದೆ. ಹೊಸ ಬ್ಲೇಡ್ ಹಾಕಿ, ಗೆರೆಯ ಒಂದು ಕೂದಲೆಳೆ ಒಳಗೇ ಕತ್ತರಿಸಿ. ಉಳಿದ ಬಿಳಿ ಅಂಚನ್ನು ಪರ್ಮನೆಂಟ್ ಮಾರ್ಕರಿನಿಂದ ಕಪ್ಪು ಮಾಡುವ ಉಪಾಯ ಮಾತ್ರ ಬೇಡ; ಮೇಲೆ ಕ್ಲಿಯರ್ ಬಿದ್ದ ಕೂಡಲೇ ಅದರ ಶಾಯಿ ಕರಗಿ ಹರಡುತ್ತದೆ. ಸಣ್ಣ ಅಕ್ಷರಗಳಿದ್ದರೆ ಬಿಳಿ ಟೋನರ್ ಇರುವ ಪ್ರಿಂಟರಿನಲ್ಲಿ ಇಲ್ಲವೇ ಸ್ಕ್ರೀನ್ ಪ್ರಿಂಟಿನಲ್ಲಿ ಮಾಡಿಸಿ. ಒಂದೇ ಬಣ್ಣದ ಲೋಗೊಗೆ ಇಷ್ಟೆಲ್ಲ ಯಾಕೆ? ವಿನೈಲಿನಲ್ಲಿ (ಹಿಂದೆ ಅಂಟಿರುವ ಪ್ಲಾಸ್ಟಿಕ್ ಹಾಳೆ) ಅಚ್ಚು (ಸ್ಟೆನ್ಸಿಲ್) ಕತ್ತರಿಸಿ ಅಂಟಿಸಿ, ಮೇಲೆ ಬಣ್ಣ ಹೊಡೆದು, ಅಚ್ಚನ್ನು ಕಿತ್ತರೆ ಆಯಿತು. ಅಂಚಿನ ದಪ್ಪವೂ ಕಡಿಮೆ, ಬಾಳಿಕೆಯೂ ಹೆಚ್ಚು.

ತೆಳು ಟಿಶ್ಯೂ ಅಥವಾ ರೈಸ್ ಪೇಪರಿನ ಮೇಲೆ ಮುದ್ರಿಸಿ ರೆಸಿನ್ ಅಡಿಯಲ್ಲಿ ಹೂಳುವವರಿಗೂ ಇದೇ ಮಾತು. ರೆಸಿನ್ ಕುಡಿದ ಕಾಗದ ಪಾರದರ್ಶಕವಾಗುತ್ತದೆ. ಬಿಳಿ ಸರ್ಫ್‌ಬೋರ್ಡಿನ ಮೇಲೆ ಚಂದ ಕಾಣುವ ಆ ತಂತ್ರ ಕಪ್ಪು ಕಾರ್ಬನ್ ಮೇಲೆ ಕೈಕೊಡುವುದು ಇದಕ್ಕೇ.

## ಅಂಚು ಏಳುತ್ತಿದೆ, ಸಿಪ್ಪೆ ಬಿಡುತ್ತಿದೆ

ಎಲ್ಲಿ ಏಳುತ್ತಿದೆ ಎಂಬುದನ್ನು ಮೊದಲು ಗಮನಿಸಿ. ತಿರುವಿನಲ್ಲಿ, ಉಬ್ಬಿನ ಮೇಲೆ ಮಾತ್ರ ಎದ್ದರೆ ಹಾಳೆ ಎಳೆತದಲ್ಲಿದೆ. ಸಮತಟ್ಟಾದ ಜಾಗದಲ್ಲೂ ಎಲ್ಲ ಕಡೆ ಎದ್ದರೆ ಕೆಳಗೆ ಜಿಡ್ಡಿದೆ. ಅಂಟಿಸಿ 24 ಗಂಟೆ ಆಗುವ ಮೊದಲೇ ತೊಳೆದಿದ್ದರೆ ಎರಡೂ ಅಲ್ಲ, ಅಂಟು ಇನ್ನೂ ಕಚ್ಚಿರಲಿಲ್ಲ ಅಷ್ಟೆ.

ಎಳೆತದ ಗುರುತು ಹಿಡಿಯುವುದು ಸುಲಭ. ವಿನೈಲಿನ ಅಂಚಿನ ಸುತ್ತ ಅರ್ಧ ಮಿಲಿಮೀಟರಿನಷ್ಟು ಅಗಲದ, ಧೂಳು ಹಿಡಿದು ಕಪ್ಪಾದ ಅಂಟಿನ ಗೆರೆ ಕಂಡರೆ ಹಾಳೆ ಕುಗ್ಗಿದೆ ಎಂದರ್ಥ: ಅಂಟು ಇದ್ದಲ್ಲೇ ಇದೆ, ಹಾಳೆ ಒಳಕ್ಕೆ ಸರಿದಿದೆ. ಉರುಳೆಗಳ ನಡುವೆ ಒತ್ತಿ ಮಾಡಿದ ಕ್ಯಾಲೆಂಡರ್ಡ್ ವಿನೈಲ್ ಹೀಗೆ ಮಾಡುತ್ತದೆ. ಅದರ ದಪ್ಪ ಸಾಮಾನ್ಯವಾಗಿ 75ರಿಂದ 100 ಮೈಕ್ರಾನ್. ದ್ರವವಾಗಿ ಹೊಯ್ದು ಒಣಗಿಸಿದ ಕಾಸ್ಟ್ ವಿನೈಲ್ ಸುಮಾರು 50 ಮೈಕ್ರಾನ್ ಇರುತ್ತದೆ, ಕುಗ್ಗುವುದು ಬಹಳ ಕಡಿಮೆ. ಉಬ್ಬುತಗ್ಗು ಇರುವ ಭಾಗಕ್ಕೆ ಕಾಸ್ಟ್ ಬಿಟ್ಟು ಬೇರೆ ಹಾಕಬೇಡಿ. ಅಕ್ಷರದ ಚೂಪು ಮೂಲೆಗಳನ್ನು ತುಸು ಗುಂಡಾಗಿಸಿ. ಭಾಗದ ಅಂಚಿಗೆ 3 ಮಿಲಿಮೀಟರ್ ಮೊದಲೇ ಲೋಗೊ ಮುಗಿಯಲಿ.

ಜಿಡ್ಡನ್ನು ಪತ್ತೆ ಮಾಡಲು ನೀರು ಸಾಕು. ಲೋಗೊ ಇಲ್ಲದ ಜಾಗವನ್ನು ಶುದ್ಧ ನೀರಿನಿಂದ ತೋಯಿಸಿ, ಭಾಗವನ್ನು ಓರೆಯಾಗಿ ಹಿಡಿಯಿರಿ. ನೀರು ಮುರಿಯದ ತೆಳು ಪರದೆಯಾಗಿ ಅರ್ಧ ನಿಮಿಷ ನಿಂತರೆ ಮೇಲ್ಮೈ ಶುದ್ಧ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿಹನಿಯಾಗಿ ಒಡೆದು ಉರುಳಿದರೆ ಮೇಣವೋ ಎಣ್ಣೆಯೋ ಪಾಲಿಶೋ ಇದೆ. ಯಾವುದು ಎಂಬುದರ ಮೇಲೆ ಔಷಧ ಬೇರೆ:

ಭಾಗ ಅಂಟದಿರಲೆಂದು ಅದನ್ನು ತಯಾರಿಸುವ ಅಚ್ಚಿಗೆ (ಮೋಲ್ಡ್) ಹಚ್ಚಿದ ಪಿವಿಎ ನೀರಿನಲ್ಲಿ ಕರಗುತ್ತದೆ, ಬಿಸಿನೀರು ಸಾಕು. ಮೇಣಕ್ಕೆ ಬಣ್ಣದ ಅಂಗಡಿಯಲ್ಲಿ ಸಿಗುವ ವ್ಯಾಕ್ಸ್ ಅಂಡ್ ಗ್ರೀಸ್ ರಿಮೂವರ್ ಬೇಕು. ಅಚ್ಚಿಗೆ ಅಂಟದಂತೆ ಹಚ್ಚುವ ಸೆಮಿ-ಪರ್ಮನೆಂಟ್ ರಿಲೀಸ್ ಏಜೆಂಟ್ ಆದರೆ ಒರೆಸಿದರೆ ಹೋಗುವುದಿಲ್ಲ, ಉಜ್ಜಿಯೇ ತೆಗೆಯಬೇಕು. ಹೊಸದಾಗಿ ಕೋಣೆಯ ತಾಪದಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಬೆರಳಿಗೆ ಜಾರುವಂಥ ಮೇಣದ ಪೊರೆ ಕೂತಿದ್ದರೆ ಅದು ಅಮೈನ್ ಬ್ಲಶ್. ಇದಕ್ಕೆ ಥಿನ್ನರ್ ಹಾಕಿ ಒರೆಸುವವರೇ ಹೆಚ್ಚು. ಅದರಿಂದ ಪೊರೆ ಹೋಗುವ ಬದಲು ಎಲ್ಲ ಕಡೆ ಸವರಿದಂತಾಗುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಒಂದು ಸ್ಕ್ರಬ್ಬರ್ ಇಷ್ಟೇ ಸಾಕು.

ಕ್ರಮ ತಪ್ಪಬಾರದು: ಮೊದಲು ತೊಳೆ, ಆಮೇಲೆ ಉಜ್ಜು, ಕೊನೆಗೆ ಒರೆಸು. ತೊಳೆಯದೆ ಉಜ್ಜಿದರೆ ಮೇಣ ಗೀರುಗಳೊಳಗೆ ಸೇರಿಕೊಂಡು ಕೂರುತ್ತದೆ, ಆಮೇಲೆ ತೆಗೆಯುವುದು ಎರಡರಷ್ಟು ಕಷ್ಟ. ಬರಿಯ ಎಪಾಕ್ಸಿಗೆ 400ರಿಂದ 600 ನಂಬರಿನ ವಾಟರ್ ಪೇಪರ್, ಹಳೆಯ ಕ್ಲಿಯರಿಗೆ 800ರಿಂದ 1000. ಕೊನೆಯ ಒರೆಸು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ, ಎರಡು ಬಟ್ಟೆಯಲ್ಲಿ: ಒಂದು ತೋಯಿಸಲು, ಇನ್ನೊಂದು ಆರುವ ಮುಂಚೆಯೇ ಒಣಗಿಸಲು. ತಾನೇ ಆರಲು ಬಿಟ್ಟರೆ ಕರಗಿದ ಜಿಡ್ಡು ಇದ್ದಲ್ಲೇ ಮತ್ತೆ ಕೂತುಕೊಳ್ಳುತ್ತದೆ. ಇದಾದ ಮೇಲೆ ಬರಿಗೈ ತಾಗಿಸಬೇಡಿ.

ಕ್ಲಿಯರ್ ಹಿಡಿದಿದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಐಎಸ್‌ಒ 2409ರ ಅಡ್ಡಗೀರು ಪರೀಕ್ಷೆ ಇದೆ: ಬ್ಲೇಡಿನಿಂದ ಆರು ಗೀರು ಉದ್ದಕ್ಕೆ, ಆರು ಅಡ್ಡಕ್ಕೆ ಎಳೆದು, ಟೇಪ್ ಒತ್ತಿ, ಕಿತ್ತು, ಎಷ್ಟು ಚೌಕ ಎದ್ದವು ಎಂದು ನೋಡುವುದು. ಇದನ್ನು ಬೇಡದ ತುಂಡಿನ ಮೇಲೆ ಮಾಡಿ. ಹೊರೆ ಹೊರುವ ಭಾಗದ ಮೇಲೆ ಬ್ಲೇಡ್ ಆಡಿಸಬಾರದು.

## ಡೆಕಾಲ್ ಅಡಿಯಲ್ಲಿ ಬೆಳ್ಳಿಯಂಥ ಮಸುಕು

ವಾಟರ್‌ಸ್ಲೈಡ್ ಡೆಕಾಲಿನ ಪಾರದರ್ಶಕ ಭಾಗದಲ್ಲಿ, ಒಂದು ಕೋನದಿಂದ ನೋಡಿದರೆ ಬೂದು ಬೆಳ್ಳಿ ಮೋಡ, ಇನ್ನೊಂದು ಕೋನದಿಂದ ಏನೂ ಇಲ್ಲ. ಅದು ಹಾಳೆಯ ಕೆಳಗೆ ಸಿಕ್ಕಿಬಿದ್ದ ಗಾಳಿ. ಕಪ್ಪು ಹಿನ್ನೆಲೆಯಲ್ಲಿ ಇದು ಎದ್ದು ಕಾಣುತ್ತದೆ.

ಇಲ್ಲೊಂದು ತೊಡಕಿದೆ. ಕ್ಲಿಯರ್ ಹಿಡಿಯಲು ಗೀರು ಬೇಕು, ಡೆಕಾಲ್ ಕೂರಲು ನುಣುಪು ಬೇಕು. 400ರಲ್ಲಿ ಉಜ್ಜಿದ ಮೇಲ್ಮೈಗೆ ನೇರವಾಗಿ ಡೆಕಾಲ್ ಹಾಕಿದರೆ ಪ್ರತಿ ಗೀರಿನಲ್ಲೂ ಗಾಳಿ ಉಳಿಯುತ್ತದೆ. ಹಾಗಾಗಿ ಮೊದಲು ಕ್ಲಿಯರ್ ಹೊಡೆದು, ಗಟ್ಟಿಯಾದ ಮೇಲೆ, ಡೆಕಾಲ್ ಕೂರುವ ಜಾಗವನ್ನು 1500–2000 ನಂಬರಿನಲ್ಲಿ, ಸುತ್ತಲಿನ ಜಾಗವನ್ನು 800–1000ದಲ್ಲಿ ಉಜ್ಜುವುದು ಒಳ್ಳೆಯ ರಾಜಿ.

ಮಸುಕು ಈಗಾಗಲೇ ಬಂದಿದ್ದು, ಮೇಲೆ ಕ್ಲಿಯರ್ ಬಿದ್ದಿಲ್ಲ ಎಂದಾದರೆ ಉಳಿಸಿಕೊಳ್ಳಬಹುದು. ಸಣ್ಣ ಕುಂಚದಲ್ಲಿ ಡೆಕಾಲ್ ಸಾಫ್ಟ್‌ನರ್ ಅದ್ದಿ ಅಂಚಿಗೆ ತಾಗಿಸಿ. ಹಾಳೆ ಮೆತ್ತಗಾಗಿ ನಿಮಿಷಗಳಲ್ಲಿ ಸುಕ್ಕುಗಟ್ಟುತ್ತದೆ. ಗಾಬರಿಯಾಗಿ ಬೆರಳಿಟ್ಟರೆ ಕೆಟ್ಟಿತು. ಬಿಟ್ಟರೆ ತಾನೇ ಚಪ್ಪಟೆಯಾಗುತ್ತದೆ. ಆಮೇಲೂ ಉಳಿದ ಮಸುಕನ್ನು ಸಣ್ಣ ಸೂಜಿಯಿಂದ ಚುಚ್ಚಿ ಮತ್ತೊಮ್ಮೆ ಸಾಫ್ಟ್‌ನರ್ ಹಚ್ಚಿ. ಕ್ಲಿಯರ್ ಬಿದ್ದಾಗಿದ್ದರೆ ದಾರಿಯಿಲ್ಲ, ಉಜ್ಜಿ ತೆಗೆದು ಹೊಸದು ಹಾಕಬೇಕು.

ಬೆಳ್ಳಿಯ ಜತೆಗೆ ಅಂಚೂ ಸಡಿಲವಾಗಿದ್ದರೆ ಡೆಕಾಲನ್ನು ನೀರಿನ ಬಟ್ಟಲಲ್ಲೇ ಕಾಗದದಿಂದ ಬೇರೆಯಾಗುವಷ್ಟು ಹೊತ್ತು ಬಿಟ್ಟಿರಬಹುದು. ಅರ್ಧ ನಿಮಿಷ ನೆನೆಸಿ, ಹೊರಗೆ ತೆಗೆದು, ಜಾರುವ ತನಕ ಕಾಯಿರಿ. ಬಟ್ಟಲಲ್ಲೇ ತೇಲಿದರೆ ಅಂಟು ನೀರಿಗೆ ಹೋಗುತ್ತದೆ. ಇಂಕ್‌ಜೆಟ್ ಶಾಯಿ ನೀರಿನಲ್ಲೇ ಹರಿದಿದ್ದರೆ, ನೆನೆಸುವ ಮೊದಲು ಅಕ್ರಿಲಿಕ್ ಕ್ಲಿಯರ್ ಎರಡು ಮೂರು ತೆಳು ಕೈ (ಲೇಪ) ಹೊಡೆದು ಮುಚ್ಚಿಲ್ಲ.

## ಮೇಲೆ ಕ್ಲಿಯರ್ ಹೊಡೆದ ಕೂಡಲೇ ಸುಕ್ಕು, ಬಣ್ಣ ಹರಡಿತು

ಕಣ್ಣೆದುರೇ ಲೋಗೊ ಹಪ್ಪಳದ ಹಾಗೆ ಮುದುಡಿದರೆ ಕ್ಲಿಯರಿನ ಥಿನ್ನರ್ ಅದನ್ನು ತಿನ್ನುತ್ತಿದೆ. ಒರೆಸಲು ಹೋಗಬೇಡಿ. ಹಾಗೇ ಬಿಟ್ಟು, ಪೂರ್ತಿ ಗಟ್ಟಿಯಾದ ಮೇಲೆ ಉಜ್ಜಿ. ಹಸಿಯಲ್ಲಿ ಒರೆಸಿದರೆ ಬಣ್ಣ ಕಾರ್ಬನ್ ನೇಯ್ಗೆಯ ತಗ್ಗುಗಳಿಗೆಲ್ಲ ಇಳಿಯುತ್ತದೆ.

ಕಾರಣ ಬಹುತೇಕ ಮೂರರಲ್ಲೊಂದು. ಡೆಕಾಲ್ ಒಣಗಿರಲಿಲ್ಲ (ಕನಿಷ್ಠ 24 ಗಂಟೆ ಬೇಕು). ಮೊದಲ ಕೈಯನ್ನೇ ದಪ್ಪಗೆ ಹೊಡೆದರು. ಅಥವಾ ಶಾಯಿಗೂ ಕ್ಲಿಯರಿಗೂ ಆಗಿಬರುವುದಿಲ್ಲ. ಮೊದಲೆರಡು ಕೈ ಧೂಳು ಉದುರಿಸಿದ ಹಾಗೆ, 25–30 ಸೆಂಟಿಮೀಟರ್ ದೂರದಿಂದ, ನಡುವೆ 10–15 ನಿಮಿಷ ಬಿಟ್ಟು ಹೊಡೆಯಿರಿ. ಮೇಲ್ಮೈ ಒದ್ದೆಯಾಗಿ ಹೊಳೆಯಬಾರದು. ಈ ಬೀಗ ಬಿದ್ದ ಮೇಲೆ ಒದ್ದೆ ಕೈ ಹೊಡೆಯಬಹುದು. ಇಷ್ಟು ಮಾಡಿಯೂ ಶಾಯಿ ಹರಡಿದರೆ ಮೂರನೆಯ ಕಾರಣವೇ ಸರಿ, ಆ ಜೋಡಿಯನ್ನು ಬಿಡಿ. ಅದೇ ಡೆಕಾಲ್, ಅದೇ ಕ್ಲಿಯರ್ ಒಂದು ಬೇಡದ ಚೂರಿನ ಮೇಲೆ ಮೊದಲೇ ಹೊಡೆದು ನೋಡಿದ್ದರೆ ಈ ವಿಭಾಗ ಓದುವ ಪ್ರಸಂಗವೇ ಬರುತ್ತಿರಲಿಲ್ಲ.

ವಿನೈಲ್ ಮೇಲೆ ಕ್ಲಿಯರ್ ಹೊಡೆಯುವುದು ನಮಗೆ ಒಪ್ಪಿಗೆಯಿಲ್ಲದ ಕೆಲಸ. ಥಿನ್ನರ್ ಅಂಚಿನಿಂದ ಒಳಗಿಳಿದು ಅಂಟನ್ನು ಸಡಿಲಿಸುತ್ತದೆ. ವಿನೈಲನ್ನು ಮೆತ್ತಗಿಡುವ ಪ್ಲಾಸ್ಟಿಸೈಜರ್ ನಿಧಾನವಾಗಿ ಮೇಲೇರಿ, ವಾರಗಳ ನಂತರವೂ ಲೋಗೊದ ಮೇಲಷ್ಟೇ ಕ್ಲಿಯರ್ ಅಂಟಂಟಾಗಿರುವಂತೆ ಮಾಡಬಹುದು. ಹೊಡೆಯಲೇಬೇಕಾದರೆ ಕಾಸ್ಟ್ ವಿನೈಲ್ ಬಳಸಿ. ಅದರ ಮೇಲೆ ಸಾಲ್ವೆಂಟ್ ಶಾಯಿಯ ಮುದ್ರಣವಿದ್ದರೆ ಕನಿಷ್ಠ ಒಂದು ದಿನ ಬಿಚ್ಚಿಟ್ಟು ಆವಿ ಹೋಗಲು ಬಿಡಿ.

ಎಚ್ಚರಿಕೆ. ಹಾರ್ಡನರ್ ಬೆರೆಸುವ ಟೂ-ಕೆ ಕ್ಲಿಯರ್‌ಗಳಲ್ಲಿ, ಅದು ಸ್ಪ್ರೇ ಡಬ್ಬಿಯೇ ಆಗಿದ್ದರೂ, ಸಾಮಾನ್ಯವಾಗಿ ಐಸೊಸಯನೇಟ್ ಇರುತ್ತದೆ. ಅದರ ಮಂಜು ಉಸಿರಿಗೆ ಹೋದರೆ ಆಸ್ತಮಾ ಬರಬಹುದು; ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ತಡೆಯದು. ಬಟ್ಟೆಯ ಮಾಸ್ಕ್, ಎನ್95 ಇದಕ್ಕೆ ಸಾಲವು. ಹೊರಗಿನ ಶುದ್ಧ ಗಾಳಿ ಕೊಡುವ ಮುಖವಾಡವೇ ಸರಿಯಾದದ್ದು. ಅದಿಲ್ಲದಿದ್ದರೆ ಭಾಗವನ್ನು ಸ್ಪ್ರೇ ಬೂತ್ ಇರುವ ಬಣ್ಣದವರಿಗೆ ಕೊಡಿ. ಎದೆ ಬಿಗಿದರೆ, ಕೆಮ್ಮು ನಿಲ್ಲದಿದ್ದರೆ ಕೆಲಸ ಬಿಟ್ಟು ವೈದ್ಯರ ಬಳಿ ಹೋಗಿ. ತೊಂದರೆ ಕೆಲವು ಗಂಟೆ ತಡವಾಗಿಯೂ ಕಾಣಿಸಿಕೊಳ್ಳುತ್ತದೆ.

## ಕ್ಲಿಯರಿನಲ್ಲಿ ಕುಳಿ, ಸೂಜಿತೂತು

ಎರಡೂ ಒಂದೇ ಎಂದುಕೊಂಡರೆ ಮದ್ದು ತಪ್ಪುತ್ತದೆ. ಬಟ್ಟಲಿನಂತೆ ದುಂಡಗೆ, ಸುತ್ತ ದಡ ಎದ್ದ ಕುಳಿ ಎಂದರೆ ಫಿಶ್‌ಐ: ಎಣ್ಣೆ ಅಥವಾ ಸಿಲಿಕೋನ್. ಕಂಪ್ರೆಸರಿನ ಫಿಲ್ಟರಿನಲ್ಲಿ ಎಣ್ಣೆ-ನೀರು ತುಂಬಿದೆಯೇ, ಅದೇ ಕೋಣೆಯಲ್ಲಿ ಯಾರಾದರೂ ಸಿಲಿಕೋನ್ ಪಾಲಿಶ್ ಸ್ಪ್ರೇ ಮಾಡಿದ್ದಾರೆಯೇ ನೋಡಿ. ಮೇಲೆ ಮತ್ತೆ ಮತ್ತೆ ಹೊಡೆದು ತುಂಬಲು ಹೋಗದೆ, ಗಟ್ಟಿಯಾಗಲು ಬಿಟ್ಟು, ಉಜ್ಜಿ, ಜಿಡ್ಡು ತೆಗೆದು ಹೊಡೆಯಿರಿ.

ನೇಯ್ಗೆಯ ಎಳೆಗಳು ಒಂದನ್ನೊಂದು ದಾಟುವಲ್ಲಿ ಸಾಲಾಗಿ ಚೂಪು ತೂತುಗಳಿದ್ದರೆ ಅವು ಲ್ಯಾಮಿನೇಟಿನಲ್ಲೇ (ರೆಸಿನ್ ಕುಡಿದ ಕಾರ್ಬನ್ ಪದರ) ಇದ್ದ ಪಿನ್‌ಹೋಲ್, ಅಂದರೆ ಸೂಜಿತೂತು. ಕ್ಲಿಯರ್ ಇವನ್ನು ತುಂಬುವುದಿಲ್ಲ, ಮೇಲೆ ಸೇತುವೆ ಕಟ್ಟುತ್ತದೆ, ಆಮೇಲೆ ಒಡೆಯುತ್ತದೆ. ತೆಳು ಎಪಾಕ್ಸಿಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ತೂತಿನೊಳಕ್ಕೆ ಒತ್ತಿ ಸವರಿ, ಗಟ್ಟಿಯಾದ ಮೇಲೆ ಉಜ್ಜಿ. ಭಾಗ ಬಿಸಿಯೇರುತ್ತಿರುವಾಗ ಹಚ್ಚಿದರೆ ತೂತಿನ ಗಾಳಿ ಹಿಗ್ಗಿ ಗುಳ್ಳೆ ಎಬ್ಬಿಸುತ್ತದೆ. ತಣಿಯುತ್ತಿರುವಾಗ ಹಚ್ಚಿದರೆ ರೆಸಿನ್ ಒಳಕ್ಕೆ ಎಳೆದುಕೊಳ್ಳುತ್ತದೆ.

## ಲೋಗೊದ ಅಂಚು ಬೆರಳಿಗೆ ಮೆಟ್ಟಿಲಿನಂತೆ ತಾಗುತ್ತದೆ

ಇದು ದೋಷಕ್ಕಿಂತ ಹೆಚ್ಚಾಗಿ ಲೆಕ್ಕ. ಒಂದು ಒದ್ದೆ ಕೈ ಟೂ-ಕೆ ಕ್ಲಿಯರ್ ಒಣಗಿದ ಮೇಲೆ ಸುಮಾರು 25 ಮೈಕ್ರಾನ್ ಉಳಿಯುತ್ತದೆ. ಎಷ್ಟೇ ಕೈ ಹೊಡೆದರೂ ಅದು ಲೋಗೊದ ಮೇಲೂ ಅಷ್ಟೇ ಏರುತ್ತದೆ, ಸುತ್ತಲೂ ಅಷ್ಟೇ ಏರುತ್ತದೆ. ಮೆಟ್ಟಿಲು ಹೋಗುವುದು ಹೊಡೆಯುವುದರಿಂದ ಅಲ್ಲ, ಉಜ್ಜುವುದರಿಂದ. ಎರಡು ಮೂರು ಕೈ ಹೊಡೆದು, ರಾತ್ರಿ ಬಿಟ್ಟು, ಗಟ್ಟಿ ಬ್ಲಾಕಿಗೆ ಸುತ್ತಿದ 800 ನಂಬರಿನಲ್ಲಿ ನೀರು ಹಾಕಿ ಉಜ್ಜಿ, ಮತ್ತೆರಡು ಕೈ ಹೊಡೆಯಿರಿ. ಬೆರಳಿನಿಂದ ಒತ್ತಿ ಉಜ್ಜಿದರೆ ಪೇಪರ್ ಮೆಟ್ಟಿಲನ್ನೇ ಹತ್ತಿ ಇಳಿಯುತ್ತದೆ. ಕೊನೆಗೆ 1500, 2000, 3000, ಆಮೇಲೆ ಕಾಂಪೌಂಡ್.

ಉಜ್ಜುವಾಗ ಕಣ್ಣು ನೀರಿನ ಮೇಲಿರಲಿ. ಹಾಲಿನಂತೆ ಬಿಳಿ ನೀರು ಬರುತ್ತಿದ್ದರೆ ಕ್ಲಿಯರ್ ಸವೆಯುತ್ತಿದೆ, ಮುಂದುವರಿಸಿ. ನೀರಿನಲ್ಲಿ ಲೋಗೊದ ಬಣ್ಣ ಕಂಡರೆ ತಕ್ಷಣ ನಿಲ್ಲಿಸಿ, ತೊಳೆದು, ಒಣಗಿಸಿ, ಇನ್ನೊಂದು ಸುತ್ತು ಕ್ಲಿಯರ್ ಹೊಡೆಯಿರಿ. ನೀರು ಕಪ್ಪಾದರೆ ನಾರಿಗೇ ತಲುಪಿದ್ದೀರಿ. ಕ್ಲಿಯರ್ ಅತಿ ತೆಳುವಾಗಿರುವುದು ಮೂಲೆ ಮತ್ತು ಏಣುಗಳಲ್ಲಿ, ಅಲ್ಲಿಗೆ ಮೊದಲೇ ಟೇಪ್ ಅಂಟಿಸಿ.

ಕಾರ್ಬನ್ ಧೂಳು ಚರ್ಮಕ್ಕೆ ತುರಿಕೆ, ಉಸಿರಿಗೆ ಹಾನಿ. ನೀರು ಹಾಕಿಯೇ ಉಜ್ಜಿ; ಒಣ ಕೆಲಸ ತಪ್ಪದಿದ್ದರೆ ಎನ್95 ಮಾಸ್ಕ್, ಕನ್ನಡಕ, ಕೈಗವಸು ಬೇಕು. ಆ ಧೂಳಿನಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದೂ ನೆನಪಿರಲಿ. ಪ್ರಿಂಟರ್, ಕಂಪ್ಯೂಟರ್ ಇರುವ ಕೋಣೆಯಲ್ಲಿ ಉಜ್ಜಬೇಡಿ.

## ಬಿಸಿಲಿಗೆ ನಿಂತ ಮೇಲೆ ನೇಯ್ಗೆ ಎದ್ದು ಕಂಡಿತು

ಲೋಗೊದ ಮೇಲಷ್ಟೇ ಅಲ್ಲ, ಎಲ್ಲ ಕಡೆ ನೇಯ್ಗೆ ಕೈಗೆ ತಾಗುತ್ತಿದ್ದರೆ ಲೋಗೊ ನಿರಪರಾಧಿ. ಕೋಣೆಯ ತಾಪದಲ್ಲಷ್ಟೇ ಗಟ್ಟಿಯಾದ ಎಪಾಕ್ಸಿ ಸಾಮಾನ್ಯವಾಗಿ 50–70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗತೊಡಗುತ್ತದೆ. ಬಿಸಿಲಿನಲ್ಲಿ ಕಪ್ಪು ಭಾಗ ಅದರ ಹತ್ತಿರ ಹೋಗುವುದು ಕಷ್ಟವೇನಲ್ಲ. ಆಗ ರೆಸಿನ್ ಇನ್ನಷ್ಟು ಗಟ್ಟಿಯಾಗುತ್ತಾ ಕುಗ್ಗಿ ಎಳೆಗಳ ನಡುವೆ ಇಳಿಯುತ್ತದೆ. ರೆಸಿನ್ ತಯಾರಕರು ಹೇಳಿದ ತಾಪ-ಸಮಯದಂತೆ ಪೋಸ್ಟ್ ಕ್ಯೂರ್ ಮಾಡಿ (ಬಿಸಿ ಮಾಡಿ ಪೂರ್ತಿ ಗಟ್ಟಿಯಾಗಿಸಿ), ಆಮೇಲೆ ಉಜ್ಜಿ, ಕ್ಲಿಯರ್, ಲೋಗೊ. ಲೋಗೊ ಹಾಕಿದ ಮೇಲೆ ಓವನ್ನಿಗೆ ಇಡಬೇಡಿ. ಸ್ಟಿಕ್ಕರ್ ಕಿತ್ತ ಜಾಗದಲ್ಲಿ ಅದರ ನೆರಳಿನಂಥ ಗುರುತು ಉಳಿದರೆ ಸುತ್ತಲಿನ ಎಪಾಕ್ಸಿ ಬಿಸಿಲಿಗೆ ಹಳದಿಯಾಗಿದೆ. ಯುವಿ ತಡೆಯುವ ಕ್ಲಿಯರ್ ಇಲ್ಲ ಎಂಬುದಕ್ಕೆ ಅದೇ ಸಾಕ್ಷಿ.

## ಅಚ್ಚಿನೊಳಗೇ ಇಟ್ಟ ಲೋಗೊ ಸರಿಯಿತು, ಎದ್ದು ಬಂತು

ಅಚ್ಚಿಗೆ ಮೊದಲು ಬಳಿಯುವ ಹೊರಪದರವಾದ ಕ್ಲಿಯರ್ ಜೆಲ್‌ಕೋಟ್ ಮತ್ತು ಬಟ್ಟೆಯ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟರೆ ಅದು ಎರಡನ್ನೂ ಬೇರೆಯಾಗಿಸುತ್ತದೆ. ತಟ್ಟಿದರೆ ಅಲ್ಲಷ್ಟೇ ಟೊಳ್ಳು ಸದ್ದು. ರೆಸಿನ್ ತೂರಿಹೋಗುವ ಟಿಶ್ಯೂ ಮಾತ್ರ ಬಳಸಿ, ಜೆಲ್‌ಕೋಟ್ ಬೆರಳಿಗೆ ಅಂಟಂಟಾದರೂ ಹತ್ತಿ ಬಾರದ ಹಂತದಲ್ಲಿ, ಮುದ್ರಿತ ಮುಖ ಅಚ್ಚಿನ ಕಡೆಗಿರುವಂತೆ ಕೂರಿಸಿ. ಅಕ್ಷರ ತಿರುವುಮುರುವಾಗಿ ಬಂದರೆ ಇಡುವ ಮುಖ ತಪ್ಪಿದೆ. ಟಿಶ್ಯೂವಿನ ಹಿಂದೆ ಬಿಳಿ ಬಣ್ಣ ಬೇಕೆಂಬ ಮೊದಲ ವಿಭಾಗದ ಮಾತು ಇಲ್ಲಿಗೂ ಸಲ್ಲುತ್ತದೆ. 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುವ ಪ್ರೀಪ್ರೆಗ್ (ಮೊದಲೇ ರೆಸಿನ್ ಸೇರಿಸಿದ ಬಟ್ಟೆ) ಕೆಲಸಕ್ಕೆ ಸಾಮಾನ್ಯ ವಿನೈಲ್ ಇಡಲೇಬೇಡಿ.

## ಲೋಹದ ಬ್ಯಾಡ್ಜಿನ ಸುತ್ತ ಬಿಳಿ ಪುಡಿ

ಅಲ್ಯೂಮಿನಿಯಂ ಬ್ಯಾಡ್ಜ್ ಬರಿಯ ಕಾರ್ಬನ್ನಿಗೆ ತಾಗಿ, ನಡುವೆ ತೇವ ಸೇರಿದರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಆಗುತ್ತದೆ. ತಿಂದುಹೋಗುವುದು ಅಲ್ಯೂಮಿನಿಯಂ. ನಡುವೆ ಒಡೆಯದ ಕ್ಲಿಯರ್ ಪದರ ಮತ್ತು ಫೋಮ್ ಟೇಪ್ ಇರಲಿ, ಸ್ಕ್ರೂ ತೂತು ಕೊರೆಯಬೇಡಿ.

## ತೆಗೆಯುವುದು ಹೇಗೆ, ಎಲ್ಲಿ ನಿಲ್ಲಿಸಬೇಕು

ವಿನೈಲನ್ನು ಹೇರ್ ಡ್ರೈಯರಿನಿಂದ ಕೈ ತಡೆಯುವಷ್ಟು ಮಾತ್ರ ಬಿಸಿ ಮಾಡಿ, ಮೇಲ್ಮೈಗೆ ಒರಗಿಸಿ ಹಿಂದಕ್ಕೆ ನಿಧಾನವಾಗಿ ಎಳೆಯಿರಿ. ಉಳಿದ ಅಂಟಿಗೆ ಪ್ಲಾಸ್ಟಿಕ್ ಪಟ್ಟಿ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್. ಹೀಟ್ ಗನ್ ಎಪಾಕ್ಸಿಯನ್ನು ಮೆತ್ತಗಾಗಿಸುತ್ತದೆ, ಪೇಂಟ್ ಸ್ಟ್ರಿಪ್ಪರ್ ಎಪಾಕ್ಸಿಯನ್ನೇ ತಿನ್ನಬಲ್ಲದು, ಉಕ್ಕಿನ ಬ್ಲೇಡ್ ನಾರು ಕತ್ತರಿಸುತ್ತದೆ. ಮೂರೂ ಬೇಡ.

ಲೋಗೊ ತೆಗೆದಾಗ ಕೆಳಗೆ ಕೂದಲೆಳೆಯಂಥ ಬಿರುಕು ಕಂಡರೆ ನಾಣ್ಯದಿಂದ ಸುತ್ತಲೂ ತಟ್ಟಿ. ಎಲ್ಲೆಡೆ ಟಣ್ ಎನ್ನುವುದು ಅಲ್ಲಿ ಮಾತ್ರ ದಪ್ ಎಂದರೆ ಒಳಪದರಗಳು ಬಿಟ್ಟಿರಬಹುದು. ಸದ್ದು ಸರಿಯಿದೆ ಎಂದ ಮಾತ್ರಕ್ಕೆ ಭಾಗ ಸರಿಯಿದೆ ಎಂದಾಗುವುದಿಲ್ಲ. ಸೈಕಲ್ ಫ್ರೇಮ್, ಫೋರ್ಕ್, ಹ್ಯಾಂಡಲ್, ಚಕ್ರ, ಡ್ರೋನಿನ ತೋಳು ಇಂಥವುಗಳಲ್ಲಿ ಬಿರುಕು, ದಪ್ ಸದ್ದು, ಕಪ್ಪು ನೀರು, ಕಿತ್ತ ನಾರು ಯಾವುದೇ ಕಂಡರೂ ಬಳಕೆ ನಿಲ್ಲಿಸಿ, ಕಾಂಪೊಸಿಟ್ ದುರಸ್ತಿ ಬಲ್ಲವರಿಗೆ ತೋರಿಸಿ. ಕ್ಲಿಯರ್ ಹೊಡೆದು ಬಿರುಕನ್ನು ಮುಚ್ಚಿದರೆ ಮುಂದೆ ನೋಡುವವರಿಗೂ ಅದು ಕಾಣದಂತಾಗುತ್ತದೆ. ಹೆಲ್ಮೆಟ್ಟಿಗಂತೂ ತಯಾರಕರು ಒಪ್ಪಿದ ಸ್ಟಿಕ್ಕರ್ ಬಿಟ್ಟು ಥಿನ್ನರ್, ಬಣ್ಣ, ವಾಟರ್ ಪೇಪರ್ ಯಾವುದನ್ನೂ ತಾಗಿಸಬೇಡಿ.